ಪ್ರೇಕ್ಷಕ, ಭಾಷೆ ಮತ್ತು ಕಲೆಯ ಅರ್ಥ: ಕೆ.ವಿ. ಸುಬ್ಬಣ್ಣನವರ ಬದುಕಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

1

ಕಲಾಕೃತಿಗೆ ತನ್ನಷ್ಟಕ್ಕೆ ತಾನೇ ಅರ್ಥವಿದೆಯೇ, ಅಥವಾ ಅದನ್ನು ಕಾಣುವ ಜನರಿಂದ ಮತ್ತು ಆ ಜನರ ಭಾಷೆಯಿಂದಲೇ ಅದಕ್ಕೆ ಅರ್ಥ ಒದಗುತ್ತದೆಯೇ ಎಂಬುದು ಕಾವ್ಯಮೀಮಾಂಸೆಯಷ್ಟೇ ಹಳೆಯ ಪ್ರಶ್ನೆ. ನಮ್ಮ ಪರಂಪರೆಯಲ್ಲಿ ರಸದ ನೆಲೆ ಯಾವುದೆಂಬ ಚರ್ಚೆ ಕವಿ, ಪಾತ್ರ, ನಟ, ಸಹೃದಯ ಎಂಬ ನಾಲ್ಕು ನಿಲುಗಡೆಗಳಲ್ಲಿ ಸುತ್ತಿ, ಕೊನೆಗೆ ಸಹೃದಯನಲ್ಲಿಗೆ ಬಂದು ನಿಂತಿತು. ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ವಿಮರ್ಶೆಯಲ್ಲಿ ಕೃತಿಯೇ ಸರ್ವಸ್ವವೆಂದ ನವ್ಯವಿಮರ್ಶೆಗೂ ಓದುಗನೇ ಅರ್ಥದ ಕರ್ತೃವೆಂದ ವಾಚಕಸ್ಪಂದನ ಸಿದ್ಧಾಂತಕ್ಕೂ ನಡುವೆ ಇದೇ ಪ್ರಶ್ನೆ ಬೇರೆ ಪರಿಭಾಷೆಯಲ್ಲಿ ಮರಳಿ ಕಾಣಿಸಿಕೊಂಡಿತು. ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಈ ಎರಡನ್ನೂ ಸಾಮಾನ್ಯವಾಗಿ ಸಿದ್ಧಾಂತಗಳಾಗಿ ಬೋಧಿಸಲಾಗುತ್ತದೆ. ಈ ಪ್ರಶ್ನೆಯನ್ನು ಒಂದು ಊರಿನಲ್ಲಿ, ಒಂದು ಆಯುಷ್ಯದ ಉದ್ದಕ್ಕೂ, ಪ್ರಯೋಗದ ಮೂಲಕ ಶೋಧಿಸಿದವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ.

ಸುಬ್ಬಣ್ಣನವರ ಸಾಧನೆಯನ್ನು ಹೇಳುವ ಒಂದು ರೂಢಿಯ ಕ್ರಮವಿದೆ. ಮಲೆನಾಡಿನ ಹಳ್ಳಿಯೊಂದರಲ್ಲಿ ಅಡಕೆ ಬೆಳೆಗಾರರು, ಕೂಲಿಕಾರರು, ಹೆಂಗಸರು, ಮಕ್ಕಳು ಡಿ ಸಿಕಾ, ಕುರೊಸಾವಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ನೋಡಿದರು, ನೋಡಿ ಮೆಚ್ಚಿದರು, ಆದ್ದರಿಂದ ಶ್ರೇಷ್ಠ ಕಲೆಗೆ ಭಾಷೆಯ ಗಡಿಯಿಲ್ಲ, ಅದು ಯಾರಿಗೂ ಅರ್ಥವಾಗುತ್ತದೆ ಎಂಬುದು ಆ ಕ್ರಮ. ಈ ಮೆಚ್ಚುಗೆಯಲ್ಲಿ ಪ್ರೀತಿ ಇದೆ, ಆದರೆ ಸುಬ್ಬಣ್ಣನವರು ಮಾಡಿದ ಕೆಲಸದ ಮುಖ್ಯಭಾಗವನ್ನೇ ಅದು ಮರೆಮಾಡುತ್ತದೆ. ಕಲೆ ತಾನೇ ತಾನಾಗಿ ಅರ್ಥವಾಗುವಂತಿದ್ದರೆ ಪ್ರೊಜೆಕ್ಟರ್ ಒಂದೇ ಸಾಕಿತ್ತು. ಪ್ರಕಾಶನ, ಶಿಬಿರ, ಅನುವಾದ, ರಂಗಶಾಲೆ, ತಿರುಗಾಟ ಇವೆಲ್ಲ ಬೇಕಿರಲಿಲ್ಲ. ಅರ್ಥವು ಕೃತಿಯೊಳಗೆ ಮುಚ್ಚಿಟ್ಟ ನಿಧಿಯಲ್ಲ, ಪ್ರೇಕ್ಷಕನ ಸ್ವೇಚ್ಛೆಯೂ ಅಲ್ಲ. ಅದು ಒಂದು ಸಮುದಾಯ ತನ್ನ ಭಾಷೆಯಲ್ಲಿ ಕೃತಿಯೊಡನೆ ನಡೆಸುವ ಅನುಸಂಧಾನದಲ್ಲಿ ಸಿದ್ಧವಾಗುವಂಥದು ಎಂಬ ತಿಳಿವಳಿಕೆ ಅವರ ಬದುಕಿನಲ್ಲಿ ಹೇಗೆ ರೂಪುಗೊಂಡಿತೆಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಕುಂಟಗೋಡು ವಿಭೂತಿ ಸುಬ್ಬಣ್ಣನವರು 1932ರ ಫೆಬ್ರವರಿ 20ರಂದು ಸಾಗರ ತಾಲ್ಲೂಕಿನ ಹೆಗ್ಗೋಡಿನ ಸಮೀಪದ ಮುಂಡಿಗೇಸರದಲ್ಲಿ ಜನಿಸಿದರು. ಅವರದು ಅಡಕೆ ತೋಟದ ಹವ್ಯಕ ಮನೆತನ. ತಂದೆ ಕೆ.ವಿ. ರಾಮಪ್ಪನವರು ಊರಿನ ಸಾರ್ವಜನಿಕ ಕಾರ್ಯಗಳಲ್ಲಿ ಆಸಕ್ತರಾಗಿದ್ದವರು. ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನೊಳಗೊಂಡ ಈ ಮಲೆಸೀಮೆ ಆಡಳಿತದ ದೃಷ್ಟಿಯಿಂದ ಅಂಚಿನದಾದರೂ ಕಲೆಯ ದೃಷ್ಟಿಯಿಂದ ಬಡವಾಗಿರಲಿಲ್ಲ. ಮಳೆಗಾಲ ಕಳೆದು ಸುಗ್ಗಿ ಮುಗಿಯುತ್ತಿದ್ದಂತೆ ಯಕ್ಷಗಾನದ ಮೇಳಗಳು ಊರಿಂದೂರಿಗೆ ತಿರುಗುತ್ತಿದ್ದವು. ಮಳೆಗಾಲದಲ್ಲಿ ಮನೆಗಳ ಜಗಲಿಯಲ್ಲಿ ತಾಳಮದ್ದಲೆ ನಡೆಯುತ್ತಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತಾಳಮದ್ದಲೆಯಲ್ಲಿ ಪ್ರಸಂಗದ ಪದ್ಯ ಎಲ್ಲರಿಗೂ ಗೊತ್ತು, ಕಥೆಯೂ ಗೊತ್ತು. ಆದರೆ ಪದ್ಯಕ್ಕೆ ಹೇಳುವ ಮಾತು ಬರಹದಲ್ಲಿಲ್ಲ. ಅದನ್ನು ಆ ರಾತ್ರಿ, ಆ ಸಭೆಯ ಎದುರು, ಎದುರಾಳಿಯ ವಾದಕ್ಕೆ ಉತ್ತರವಾಗಿ ಕಟ್ಟಬೇಕು. ಹಾಗೆ ಕಟ್ಟುವವನನ್ನು ಅರ್ಥಧಾರಿ ಎಂದೂ ಅವನ ಕಾರ್ಯವನ್ನು ಅರ್ಥಗಾರಿಕೆ ಎಂದೂ ಕರೆಯುತ್ತಾರೆ. ಅರ್ಥವೆಂಬುದು ಪಠ್ಯದಲ್ಲಿ ಸಿದ್ಧವಾಗಿ ದೊರೆಯುವ ವಸ್ತುವಲ್ಲ, ಸಭೆಯಲ್ಲಿ ಹೇಳಬೇಕಾದ ಸಂಗತಿ ಎಂಬ ಮೀಮಾಂಸೆ ಈ ಹೆಸರಿನಲ್ಲಿಯೇ ಅಡಗಿದೆ. ಕರ್ಣನ ಪಕ್ಷವನ್ನೂ ಕೃಷ್ಣನ ಪಕ್ಷವನ್ನೂ ಒಂದೇ ರಾತ್ರಿ ಆಲಿಸಿ ತೂಗಿ ನೋಡುವ ಅಭ್ಯಾಸ ಈ ಸೀಮೆಯ ಕೇಳುಗರಿಗೆ ಸಿನಿಮಾ ಬರುವ ಮೊದಲೇ ಇತ್ತು. ಸುಬ್ಬಣ್ಣನವರ ಮುಂದಿನ ಪ್ರಯೋಗಗಳಿಗೆ ದೊರೆತ ಪ್ರೇಕ್ಷಕರು ಇಂಥವರು. ಅವರನ್ನು ಕಲಾಸಂಸ್ಕಾರವಿಲ್ಲದ ಮುಗ್ಧರೆಂದು ಕಲ್ಪಿಸಿಕೊಂಡು ಹೆಗ್ಗೋಡಿನ ಕಥನವನ್ನು ಪವಾಡವಾಗಿಸುವುದು ಚಾರಿತ್ರಿಕವಾಗಿ ಸರಿಯಲ್ಲ.

ಇದೇ ಸೀಮೆಯ ಇನ್ನೊಂದು ಮುಖ ಸಾಮಾಜಿಕ ಸಂಘರ್ಷದ್ದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಬಗೆಗೆ ಎದ್ದ ತಕರಾರು ಅದರ ಕಾರಣಗಳಲ್ಲೊಂದು. ಸಮಾಜವಾದಿಗಳು ಅದಕ್ಕೆ ಬೆಂಬಲವಾಗಿ ನಿಂತರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ಸುಬ್ಬಣ್ಣನವರ ವೈಚಾರಿಕ ಜೀವನಕ್ಕೆ ಲೋಹಿಯಾ ಚಿಂತನೆ ಆಧಾರವಾಯಿತು. ಭಾಷೆಯ ಪ್ರಶ್ನೆಯನ್ನು ಲೋಹಿಯಾ ಭಾವುಕ ಅಭಿಮಾನದ ಪ್ರಶ್ನೆಯಾಗಿ ನೋಡದೆ ಅಧಿಕಾರದ ಪ್ರಶ್ನೆಯಾಗಿ ನೋಡಿದ್ದರು. ಜ್ಞಾನ ಇಂಗ್ಲಿಷಿನಲ್ಲಿ ಉಳಿದಷ್ಟು ಕಾಲ ಅದು ಕೆಲವರ ಸ್ವತ್ತಾಗಿಯೇ ಉಳಿಯುತ್ತದೆ ಎಂಬ ಈ ನಿಲುವನ್ನು ಸುಬ್ಬಣ್ಣನವರು ಕಲೆಯ ಕ್ಷೇತ್ರಕ್ಕೆ ವಿಸ್ತರಿಸಿದರು.

3

ಸುಬ್ಬಣ್ಣನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡವನ್ನು ಅಧ್ಯಯನ ಮಾಡಿದರು. ಅದು ಕುವೆಂಪು ಅವರ ಪ್ರಭಾವ ಪ್ರಬಲವಾಗಿದ್ದ ಕಾಲ. ತೀರ್ಥಹಳ್ಳಿಯ ಕುಪ್ಪಳಿಯಿಂದ ಮೈಸೂರಿಗೆ ಬಂದ ಕುವೆಂಪು ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆದು, 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರ ಸಲಹೆಯ ಬಳಿಕ ಕನ್ನಡಕ್ಕೆ ಹೊರಳಿದ್ದು ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಆ ಹೊರಳುವಿಕೆ ಕವಿಯ ಭಾಷೆಗೆ ಸಂಬಂಧಿಸಿದ್ದು. ಸುಬ್ಬಣ್ಣನವರು ಎತ್ತಿಕೊಂಡದ್ದು ಅದರ ಮುಂದಿನ ಪ್ರಶ್ನೆಯನ್ನು, ಅಂದರೆ ಗ್ರಾಹಕನ ಭಾಷೆಯ ಪ್ರಶ್ನೆಯನ್ನು. ಜಗತ್ತಿನ ಯಾವುದೋ ಮೂಲೆಯ ಕೃತಿ ಮಲೆನಾಡಿನವನ ಅನುಭವವಾಗಬೇಕಾದರೆ ಅದು ಯಾವ ಭಾಷೆಯ ಮೂಲಕ ಹಾದುಬರಬೇಕು?

ಪದವಿಯ ಬಳಿಕ ಅವರು ನಗರದಲ್ಲಿ ಉದ್ಯೋಗ ಹಿಡಿಯದೆ ಊರಿಗೆ ಮರಳಿದರು. 1957ರಲ್ಲಿ ಅಕ್ಷರ ಪ್ರಕಾಶನವನ್ನು ಆರಂಭಿಸಿದರು. ಅಂಚೆ, ಬಸ್ಸು, ಮುದ್ರಣ ಇವೆಲ್ಲ ದುರ್ಲಭವಾಗಿದ್ದ ಹಳ್ಳಿಯಿಂದ ನವ್ಯಸಾಹಿತ್ಯದ ಮುಖ್ಯ ಲೇಖಕರ ಕೃತಿಗಳು ಹೊರಬಂದವು. ಗೋಪಾಲಕೃಷ್ಣ ಅಡಿಗರು 1964ರಿಂದ 1968ರವರೆಗೆ ಸಾಗರದ ಲಾಲ್‌ಬಹಾದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಅವರ ಸಂಪಾದಕತ್ವದ ‘ಸಾಕ್ಷಿ’ ಪತ್ರಿಕೆಯ ಪ್ರಕಟಣೆಗೂ ಅಕ್ಷರ ಪ್ರಕಾಶನ ಕೈಜೋಡಿಸಿತ್ತು. ನವ್ಯರ ಕಾವ್ಯ ದುರ್ಬೋಧವೆಂಬ ಆಕ್ಷೇಪ ವ್ಯಾಪಕವಾಗಿದ್ದ ಆ ದಿನಗಳಲ್ಲಿ ಒಂದು ಪ್ರಕಾಶನಕ್ಕೆ ಎರಡು ದಾರಿಗಳಿದ್ದವು. ಕೃತಿ ಸ್ವಯಂಪೂರ್ಣ, ಅರ್ಹ ಓದುಗ ತಾನಾಗಿ ಬರುತ್ತಾನೆಂದು ಕಾಯುವುದು ಒಂದು. ಓದುಗ ವರ್ಗವನ್ನು ಸೃಷ್ಟಿಸುವುದು ಇನ್ನೊಂದು. ಸುಬ್ಬಣ್ಣನವರದು ಎರಡನೆಯ ದಾರಿ. ಪ್ರಕಾಶನದ ಮಟ್ಟಿಗೆ ಇದು ಓದುಗರನ್ನು ಕುರಿತ ಕಾಳಜಿಯಾಗಿತ್ತು. ರಂಗಭೂಮಿ ಮತ್ತು ಚಲನಚಿತ್ರಗಳ ಮಟ್ಟಿಗೆ ಅದು ಇಡೀ ಊರನ್ನು ಒಳಗೊಳ್ಳುವ ಕಾರ್ಯಕ್ರಮವಾಗಿ ಬೆಳೆಯಿತು.

4

ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ 1949ರಲ್ಲಿ ಸ್ಥಾಪನೆಯಾದಾಗ ಅದು ಅಂದಿನ ಅನೇಕ ಹವ್ಯಾಸಿ ಸಂಘಗಳಂತೆ ಊರ ದೇವರ ಹೆಸರಿನ ಒಂದು ನಾಟಕ ಮಂಡಳಿ. ನೀನಾಸಮ್ ಎಂಬ ಸಂಕ್ಷಿಪ್ತ ನಾಮದಿಂದ ಅದು ಪ್ರಸಿದ್ಧವಾದದ್ದು ಮುಂದೆ. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಸಿದ್ಧವಾಯಿತು. 1973ರಲ್ಲಿ ನೀನಾಸಮ್ ಚಿತ್ರಸಮಾಜ ಆರಂಭವಾಯಿತು. ಅಂದು ಫಿಲ್ಮ್ ಸೊಸೈಟಿ ಚಳವಳಿಯ ನೆಲೆ ಮುಖ್ಯವಾಗಿ ನಗರಗಳಲ್ಲಿತ್ತು. ಅದರ ಸದಸ್ಯರು ಬಹುಮಟ್ಟಿಗೆ ಇಂಗ್ಲಿಷ್ ಬಲ್ಲವರಾಗಿದ್ದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರರಸಗ್ರಹಣವನ್ನು ಬೋಧಿಸುತ್ತಿದ್ದ ಸತೀಶ್ ಬಹಾದೂರ್ ಮತ್ತು ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಅವರ ನೆರವಿನಿಂದ ಜಗತ್ತಿನ ಶ್ರೇಷ್ಠ ಚಿತ್ರಗಳ ಪ್ರತಿಗಳು ಹೆಗ್ಗೋಡಿಗೆ ಬಂದವು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೊಮಾನ್’ ಮೊದಲಾದವನ್ನು ಊರಿನ ಜನ ನೋಡಿದರು. 2012ರಲ್ಲಿ ಬಂದ, ನಾಯರ್ ಅವರನ್ನು ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಪ್ರೇಕ್ಷಕರು ದಶಕಗಳ ಹಿಂದೆ ನೋಡಿದ ಆ ಚಿತ್ರಗಳನ್ನು ನೆನಪಿಸಿಕೊಳ್ಳುವುದನ್ನು ಕಾಣಬಹುದು.

ಈ ಪ್ರದರ್ಶನಗಳ ಸ್ವರೂಪವನ್ನು ಸೂಕ್ಷ್ಮವಾಗಿ ಪರಿಶೀಲಿಸಬೇಕು. ಪರದೆಯ ಮೇಲಿನ ಪಾತ್ರಗಳು ಆಡುತ್ತಿದ್ದದ್ದು ಇಟಾಲಿಯನ್, ಜಪಾನಿ, ಬಂಗಾಳಿ ಭಾಷೆಗಳನ್ನು. ಇಂಗ್ಲಿಷಿನ ಅಡಿಬರಹ ಬಹುಪಾಲು ಪ್ರೇಕ್ಷಕರ ಉಪಯೋಗಕ್ಕೆ ಬರುವಂತಿರಲಿಲ್ಲ. ಹಾಗಿದ್ದೂ ಚಿತ್ರಗಳು ಜನರನ್ನು ತಲುಪಿದವೆಂದರೆ ದೃಶ್ಯಭಾಷೆ ಮಾತಿನ ಭಾಷೆಯಿಂದ ಸ್ವತಂತ್ರವೆಂಬ ತೀರ್ಮಾನಕ್ಕೆ ಬರುವುದು ಸುಲಭ. ಈ ತೀರ್ಮಾನದಲ್ಲಿ ಅರ್ಧ ಸತ್ಯವಿದೆ. ಕೈಹಿಡಿದು ನಡೆಯುವ ತಂದೆ ಮಗನ ಚಿತ್ರಣಕ್ಕೆ ಅನುವಾದ ಬೇಕಿಲ್ಲ. ಆದರೆ ಸುಬ್ಬಣ್ಣನವರ ಯೋಜನೆ ದೃಶ್ಯವನ್ನು ಮಾತ್ರ ನಂಬಿ ಕುಳಿತುಕೊಳ್ಳಲಿಲ್ಲ. ಪ್ರದರ್ಶನಕ್ಕೆ ಮೊದಲು ಕನ್ನಡದಲ್ಲಿ ಪರಿಚಯ, ಅನಂತರ ಕನ್ನಡದಲ್ಲಿ ಚರ್ಚೆ, ಚಲನಚಿತ್ರವನ್ನು ಕುರಿತು ಕನ್ನಡದಲ್ಲಿ ಪುಸ್ತಕ, ದಿನಗಟ್ಟಲೆ ನಡೆಯುವ ರಸಗ್ರಹಣ ಶಿಬಿರ ಇವೆಲ್ಲ ಒಂದೇ ಯೋಜನೆಯ ಅಂಗಗಳಾಗಿದ್ದವು. ಚಿತ್ರದ ಮಾತುಗಳು ಯಾವ ಭಾಷೆಯಲ್ಲಿದ್ದರೂ ಚಿತ್ರವನ್ನು ಕುರಿತ ಮಾತು ಕನ್ನಡದಲ್ಲಿರಬೇಕು ಎಂಬುದು ಅಲ್ಲಿಯ ತತ್ತ್ವ. ನೋಟಕ್ಕೆ ಭಾಷೆ ಬೇಡವಿದ್ದರೂ ನೋಡಿದ್ದನ್ನು ತನ್ನದಾಗಿಸಿಕೊಳ್ಳಲು ಭಾಷೆ ಬೇಕು.

ಇನ್ನೊಂದು ಅಂಶವೆಂದರೆ ಪ್ರೇಕ್ಷಕರು ತಮ್ಮೊಂದಿಗೆ ತಂದ ಅನುಭವ. ‘ಬೈಸಿಕಲ್ ಥೀವ್ಸ್’ ಯುದ್ಧಾನಂತರದ ರೋಮಿನ ಕಥೆ. ದುಡಿಮೆಯ ಸಾಧನವೊಂದು ಕೈತಪ್ಪಿದಾಗ ಮನುಷ್ಯನ ಮರ್ಯಾದೆಯೂ ಕೈತಪ್ಪುವ ಕಥೆ. 1974ರ ಭೂಸುಧಾರಣಾ ತಿದ್ದುಪಡಿ ಕಾಯಿದೆಯ ಜಾರಿಯ ಹೊತ್ತಿಗೆ, ಉಳುವವನಿಗೆ ಭೂಮಿ ಸಿಗುವ ಮತ್ತು ಒಡೆಯನ ಕೈತಪ್ಪುವ ದಿನಗಳಲ್ಲಿ, ಕಾಗೋಡಿನ ನೆನಪಿನ್ನೂ ಹಸಿಯಾಗಿದ್ದ ತಾಲ್ಲೂಕಿನಲ್ಲಿ ಈ ಕಥೆಯನ್ನು ನೋಡುವುದು ಬೇರೆಯ ಅನುಭವ. ಹಾಗೆಯೇ ಒಂದು ಕೊಲೆಯನ್ನು ನಾಲ್ವರು ನಾಲ್ಕು ಬಗೆಯಲ್ಲಿ ಹೇಳುವ ‘ರಾಶೊಮಾನ್’ ತಾಳಮದ್ದಲೆಯ ಕೇಳುಗನಿಗೆ ತೀರ ಅಪರಿಚಿತ ರಚನೆಯಲ್ಲ. ಚಿತ್ರದಲ್ಲಿ ಏನೂ ಬದಲಾಗಿಲ್ಲ. ಅದು ಎದುರುಗೊಂಡ ಬದುಕು ಬೇರೆ. ಆದ್ದರಿಂದ ಹೆಗ್ಗೋಡಿನ ‘ರಾಶೊಮಾನ್’ ಟೋಕಿಯೊದ ‘ರಾಶೊಮಾನ್’ನ ನಕಲಲ್ಲ, ಅದರ ಅಪೂರ್ಣ ಗ್ರಹಿಕೆಯೂ ಅಲ್ಲ. ಅದು ಇನ್ನೊಂದು ಅರ್ಥಗಾರಿಕೆ.

5

1980ರಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರ ಆರಂಭವಾಯಿತು. 1985ರಲ್ಲಿ ನೀನಾಸಮ್ ತಿರುಗಾಟ ಹೊರಟಿತು. ತಿರುಗಾಟವೆಂಬುದು ಯಕ್ಷಗಾನ ಮೇಳಗಳ ವಾರ್ಷಿಕ ಸಂಚಾರಕ್ಕೆ ಇರುವ ಹೆಸರು. ಆ ಹೆಸರಿನೊಂದಿಗೆ ಒಂದು ವ್ಯವಸ್ಥೆಯನ್ನೂ ಸುಬ್ಬಣ್ಣನವರು ಪಡೆದುಕೊಂಡರು: ಪ್ರೇಕ್ಷಕ ಕಲೆಯ ಬಳಿಗೆ ಬರುವ ನಗರದ ಕ್ರಮಕ್ಕೆ ಬದಲಾಗಿ ಕಲೆ ಪ್ರೇಕ್ಷಕನ ಬಳಿಗೆ ಹೋಗುವ ಕ್ರಮ. ಸಂಸ್ಕೃತ ನಾಟಕ, ಷೇಕ್ಸ್‌ಪಿಯರ್, ಬ್ರೆಕ್ಟ್, ಹೊಸ ಕನ್ನಡ ನಾಟಕ ಇವು ಒಂದೇ ವಾಹನದಲ್ಲಿ, ಒಂದೇ ತಂಡದ ನಟರಿಂದ, ತಾಲ್ಲೂಕು ಕೇಂದ್ರಗಳ ಶಾಲೆಯ ಅಂಗಳಗಳಿಗೂ ಪುರಭವನಗಳಿಗೂ ತಲುಪಿದವು. ಈ ನಾಟಕಗಳಿಗೆ ಬೇಕಾದ ಕನ್ನಡವನ್ನು ಸಿದ್ಧಪಡಿಸುವುದು ಒಂದು ದೊಡ್ಡ ಕೆಲಸ. ಸುಬ್ಬಣ್ಣನವರೇ ಅನುವಾದಕರಾಗಿ ಅದರಲ್ಲಿ ತೊಡಗಿದ್ದರು. ಶಾಕುಂತಲದ ಅವರ ಕನ್ನಡ ರೂಪಕ್ಕೆ ‘ಲೋಕ ಶಾಕುಂತಲ’ ಎಂಬ ಹೆಸರಿಟ್ಟದ್ದು ಅರ್ಥಪೂರ್ಣ. ಪಂಡಿತರ ವ್ಯಾಖ್ಯಾನಗಳಲ್ಲಿ ನೆಲೆಗೊಂಡ ನಾಟಕವನ್ನು ಅವರು ಲೋಕದ ಎದುರಿಗೆ ತಂದರು.

ಜಗತ್ತಿನ ಕೃತಿ ಕನ್ನಡಕ್ಕೆ ಬರುವ ಈ ದಾರಿಯನ್ನು ಎದುರು ದಿಕ್ಕಿನ ಪ್ರಯಾಣದೊಂದಿಗೆ ಹೋಲಿಸಬಹುದು. ಸುಬ್ಬಣ್ಣನವರ ಗೆಳೆಯರೂ ಸಮವಯಸ್ಕರೂ ಆಗಿದ್ದ, ತೀರ್ಥಹಳ್ಳಿಯ ಮೇಳಿಗೆಯ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಎ.ಕೆ. ರಾಮಾನುಜನ್ 1976ರಲ್ಲಿ ಇಂಗ್ಲಿಷಿಗೆ ತಂದರು. ಶೀರ್ಷಿಕೆಯ ಪದವನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡು, ಜೊತೆಗೊಂದು ಉಪಶೀರ್ಷಿಕೆಯನ್ನು ನೀಡಿದರು. ಶವಸಂಸ್ಕಾರ, ಮನಸ್ಸಿನ ಸಂಸ್ಕಾರ, ಜನ್ಮಾಂತರದ ವಾಸನೆ ಇವೆಲ್ಲವನ್ನೂ ಒಂದೇ ಪದದಲ್ಲಿ ಕೇಳಿಸಿಕೊಳ್ಳುವ ಕನ್ನಡದ ಕಿವಿಗೆ ದೊರೆಯುವುದು ಇಂಗ್ಲಿಷಿನ ಓದುಗನಿಗೆ ಟಿಪ್ಪಣಿಯ ಮೂಲಕ ಮಾತ್ರ ದೊರೆಯುತ್ತದೆ. ಭಾಷೆಯಿಂದ ಭಾಷೆಗೆ ಹೋಗುವಾಗ ಕೃತಿ ಸ್ವಲ್ಪ ಕಳೆದುಕೊಳ್ಳುತ್ತದೆ, ಸ್ವಲ್ಪ ಗಳಿಸುತ್ತದೆ. ಎಷ್ಟು ಕಳೆಯಿತೆಂಬ ಲೆಕ್ಕ ವಿಮರ್ಶಕನದು. ಯಾರಿಗೆ ಏನು ದಕ್ಕಿತೆಂಬುದು ಸುಬ್ಬಣ್ಣನವರ ಲೆಕ್ಕ.

ಈ ದೃಷ್ಟಿಯಿಂದ ಅತ್ಯಂತ ಮಹತ್ವದ ಪ್ರಯೋಗ ಜನಸ್ಪಂದನದ ಅವಧಿಯದು. 1983ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ನಾಡಿನ ಹಲವು ಕಡೆ ನಾಟಕ ಹಾಗೂ ಚಿತ್ರರಸಗ್ರಹಣ ಶಿಬಿರಗಳು ನಡೆದವು. ಆಗ ಉತ್ತರ ಕನ್ನಡದ ಮಂಚಿಕೇರಿ ಭಾಗದ ಸಿದ್ದಿ ಸಮುದಾಯದವರು ಚಿದಂಬರರಾವ್ ಜಂಬೆ ಅವರ ನಿರ್ದೇಶನದಲ್ಲಿ ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವನ್ನಾಡಿದರು. ಅದು ನೈಜೀರಿಯಾದ ಚಿನುವಾ ಅಚೀಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಆಧರಿಸಿದ್ದು. ಸಿದ್ದಿಯರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಪೋರ್ಚುಗೀಸರ ಕಾಲದ ಗುಲಾಮಗಿರಿ ಅವರ ಚರಿತ್ರೆಯ ಭಾಗ. ಆಫ್ರಿಕಾದ ಲೇಖಕನೊಬ್ಬ ವಸಾಹತುಶಾಹಿಯ ಭಾಷೆಯಾದ ಇಂಗ್ಲಿಷಿನಲ್ಲಿ ಬರೆದ ಕಥನ ಕನ್ನಡದ ಮೂಲಕ ಆಫ್ರಿಕಾ ಮೂಲದವರನ್ನು ತಲುಪಿತು. ಇಲ್ಲಿ ಮೂಲದ ಪ್ರೇಕ್ಷಕ ಯಾರು, ಅನುವಾದದ ಪ್ರೇಕ್ಷಕ ಯಾರು ಎಂಬ ವಿಭಜನೆಯೇ ಅಲ್ಲಾಡುತ್ತದೆ. ರಕ್ತಸಂಬಂಧದಿಂದ ಅರ್ಥ ತಾನಾಗಿ ಹರಿದುಬರಲಿಲ್ಲ. ಅದಕ್ಕೆ ಕನ್ನಡದ ಸೇತುವೆ ಬೇಕಾಯಿತು. ಆದರೆ ಆ ಸೇತುವೆಯನ್ನು ದಾಟಿದ ಮೇಲೆ ಕಥನಕ್ಕೆ ಒದಗಿದ ಒತ್ತು ಲಾಗೋಸಿನಲ್ಲಾಗಲಿ ಲಂಡನ್ನಿನಲ್ಲಾಗಲಿ ಇರುವಂಥದಲ್ಲ. ಪ್ರೇಕ್ಷಕರಾಗಿಯೂ ಲೆಕ್ಕಕ್ಕಿಲ್ಲದಿದ್ದ ಸಮುದಾಯವೊಂದು ಅರ್ಥಧಾರಿಯ ಸ್ಥಾನಕ್ಕೆ ಬಂದದ್ದು ಈ ಪ್ರಯೋಗದ ವಿಶೇಷ.

6

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅಲ್ಲಿಗೆ ಅವರ ಕೆಲಸ ಅಂತರರಾಷ್ಟ್ರೀಯ ಗಮನಕ್ಕೆ ಬಂದಿತ್ತು. ಅನಂತರದ ವರ್ಷಗಳಲ್ಲಿ ಅವರು ತಮ್ಮ ಪ್ರಯೋಗಗಳ ಹಿಂದಿನ ತಾತ್ತ್ವಿಕತೆಯನ್ನು ಬರಹದಲ್ಲಿ ಸ್ಪಷ್ಟಪಡಿಸಿಕೊಳ್ಳಲು ತೊಡಗಿದರು. ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಅದರ ಫಲ. ಈ ಕೃತಿಗೆ 2003ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಒಂಬತ್ತನೆಯ ಶತಮಾನದ ಲಕ್ಷಣಗ್ರಂಥವನ್ನು ಅಲಂಕಾರಶಾಸ್ತ್ರದ ಅನುಕರಣೆಯೆಂದು ಓದುವ ರೂಢಿಯನ್ನು ಬಿಟ್ಟು, ಕನ್ನಡವನ್ನು ಒಂದು ಜಗತ್ತಾಗಿ ಕಲ್ಪಿಸಿಕೊಂಡ ಪಠ್ಯವಾಗಿ ಅವರು ಅದನ್ನು ಓದಿದರು. ಕಾವೇರಿ ಗೋದಾವರಿಗಳ ನಡುವಿನ ನಾಡು ವಿಶಾಲ ಲೋಕದೊಳಗೆ ಲೀನವಾಗಿದ್ದೂ ತನ್ನ ವೈಶಿಷ್ಟ್ಯವನ್ನು ಉಳಿಸಿಕೊಂಡಿದೆ ಎಂಬ ಕವಿರಾಜಮಾರ್ಗದ ಗ್ರಹಿಕೆಯಲ್ಲಿ ಸ್ಥಳೀಯತೆ ಮತ್ತು ಜಾಗತಿಕತೆಗಳ ನಡುವೆ ವಿರೋಧವಿಲ್ಲದ ಸಂಬಂಧವೊಂದನ್ನು ಅವರು ಗುರುತಿಸಿದರು. ಜಾಗತೀಕರಣದ ಚರ್ಚೆ ಕಾವೇರಿದ್ದ ಸಂದರ್ಭದಲ್ಲಿ ಈ ಓದು ಕನ್ನಡದ ಚಿಂತನೆಗೆ ಹೊಸ ನೆಲೆಯನ್ನು ಒದಗಿಸಿತು.

ನಮ್ಮ ಪ್ರಶ್ನೆಗೆ ಹತ್ತಿರವಾದ ಇನ್ನೊಂದು ಮಾತು ಅದೇ ಪ್ರಾಚೀನ ಗ್ರಂಥದಲ್ಲಿದೆ. ಆ ನಾಡಿನ ಜನ ಔಚಿತ್ಯವರಿತು ಆಡಬಲ್ಲವರು, ಆಡಿದ್ದನ್ನು ಅರಿತು ವಿವೇಚಿಸಬಲ್ಲವರು, ವಿಶೇಷವಾಗಿ ಓದದೆಯೂ ಕಾವ್ಯದ ಪ್ರಯೋಗದಲ್ಲಿ ಪರಿಣತರು ಎಂಬರ್ಥದ ಮಾತದು. ಕಾವ್ಯಾಭ್ಯಾಸದಿಂದ ಮನಸ್ಸಿನ ಕನ್ನಡಿ ತಿಳಿಯಾದವನೇ ಸಹೃದಯನೆಂಬ ಕಾಶ್ಮೀರದ ಆಲಂಕಾರಿಕರ ಪರಿಕಲ್ಪನೆಯ ಜೊತೆಗೆ ಇದನ್ನಿಟ್ಟು ನೋಡಿದರೆ ವ್ಯತ್ಯಾಸ ಗೋಚರಿಸುತ್ತದೆ. ಅಲ್ಲಿಯ ಸಹೃದಯ ಸಂಸ್ಕಾರ ಪಡೆದ ವ್ಯಕ್ತಿ. ಇಲ್ಲಿ ಕಾಣುವುದು ಆಡುಭಾಷೆಯಲ್ಲಿಯೇ ಕಾವ್ಯಪ್ರಜ್ಞೆಯನ್ನು ಹೊಂದಿದ ಜನಸಮುದಾಯ. ಹೆಗ್ಗೋಡಿನ ಪ್ರಯೋಗ ಈ ಎರಡನ್ನೂ ಬೆಸೆಯಿತು. ಜನರಲ್ಲಿ ಅರಿವು ಇದೆಯೆಂಬ ವಿಶ್ವಾಸವೂ ಅದಕ್ಕೆ ಅಭ್ಯಾಸ ಬೇಕೆಂಬ ಎಚ್ಚರವೂ ಅದರಲ್ಲಿ ಒಟ್ಟಿಗಿದ್ದವು. ವಿಶ್ವಾಸವಷ್ಟೇ ಇದ್ದಿದ್ದರೆ ಶಿಬಿರಗಳು ಬೇಕಿರಲಿಲ್ಲ, ಅಭ್ಯಾಸವಷ್ಟೇ ಮುಖ್ಯವಾಗಿದ್ದರೆ ಆರಿಸಿದ ಕೆಲವರಿಗೆ ಪಾಠ ಹೇಳಿದರೆ ಸಾಕಾಗುತ್ತಿತ್ತು. ರಸಗ್ರಹಣ ಶಿಬಿರಗಳು ಮುಂದೆ ಸಾಹಿತ್ಯ, ನಾಟಕ, ಚಲನಚಿತ್ರ, ಸಂಗೀತಗಳನ್ನು ಒಟ್ಟಿಗೆ ಚರ್ಚಿಸುವ ಸಂಸ್ಕೃತಿ ಶಿಬಿರವಾಗಿ ರೂಪುಗೊಂಡದ್ದು ಈ ಸಮನ್ವಯದ ಫಲವೇ.

7

ಸುಬ್ಬಣ್ಣನವರ ಕಾರ್ಯವನ್ನು ವಿಮರ್ಶೆಯಿಲ್ಲದೆ ಸ್ವೀಕರಿಸಬೇಕಾಗಿಲ್ಲ. ಜನಸ್ಪಂದನಕ್ಕೆ ದೊರೆತ ಫೋರ್ಡ್ ಫೌಂಡೇಶನ್ನಿನ ನೆರವಿನ ಬಗೆಗೆ ಕನ್ನಡದಲ್ಲಿ ಪ್ರಶ್ನೆಗಳು ಎದ್ದವು. ಯಾವ ಕೃತಿಗಳು ಶ್ರೇಷ್ಠವೆಂದು ಆರಿಸುವ ಅಧಿಕಾರ ಯಾರದು ಎಂಬುದು ಅದಕ್ಕಿಂತ ಆಳವಾದ ಪ್ರಶ್ನೆ. ಅಡಕೆ ತೋಟದ ಆರ್ಥಿಕತೆ ಮತ್ತು ಮೇಲ್ಜಾತಿಯ ಓದಿನ ಪರಂಪರೆ ಒದಗಿಸಿದ ಅವಕಾಶದಲ್ಲಿ ರೂಪುಗೊಂಡ ಅಭಿರುಚಿಯೇ ಜನರ ಅಭಿರುಚಿಯಾಗಿ ಬಿಂಬಿತವಾಯಿತೇ? ಈ ಸಂದೇಹ ನಿರಾಧಾರವಲ್ಲ. ಆದರೆ ಪ್ರೇಕ್ಷಕರನ್ನು ಅರ್ಥದ ಪಾಲುದಾರರನ್ನಾಗಿ ಮಾಡಿದ ಯೋಜನೆ ತನ್ನ ಆಯ್ಕೆಯ ಮೇಲಿನ ಹಿಡಿತವನ್ನು ಕೊಂಚಕೊಂಚವಾಗಿ ಬಿಟ್ಟುಕೊಡಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ. ಚರ್ಚೆಗೆ ಕುಳಿತವನಿಗೆ ಮೆಚ್ಚುವ ಹಕ್ಕಿನಂತೆ ಒಪ್ಪದಿರುವ ಹಕ್ಕೂ ಬರುತ್ತದೆ. ಸಿದ್ದಿಯರ ರಂಗಪ್ರಯೋಗವನ್ನು ಈ ನೆಲೆಯಲ್ಲಿಯೂ ಪರಿಭಾವಿಸಬೇಕು.

2005ರ ಜುಲೈ 16ರಂದು ಸುಬ್ಬಣ್ಣನವರು ನಿಧನರಾದರು. ಅವರ ಪ್ರಯೋಗ ಆರಂಭವಾದಾಗ ಕೊರತೆಯಿದ್ದದ್ದು ಕೃತಿಗಳ ಲಭ್ಯತೆಗೆ. ಪುಣೆಯಿಂದ ಒಂದು ಚಿತ್ರದ ಪ್ರತಿಯನ್ನು ತರಿಸುವುದೇ ಸಾಹಸವಾಗಿತ್ತು. ಇಂದು ಅದೇ ಚಿತ್ರಗಳು ಕೈಯಲ್ಲಿರುವ ಫೋನಿನಲ್ಲಿ ದೊರೆಯುತ್ತವೆ. ಯಂತ್ರಾನುವಾದದ ಅಡಿಬರಹವೂ ಜೊತೆಗಿರುತ್ತದೆ. ಕಲೆಗೆ ಪ್ರೇಕ್ಷಕನಿಂದಲೂ ಭಾಷೆಯಿಂದಲೂ ಸ್ವತಂತ್ರವಾದ ಅರ್ಥವಿದ್ದಿದ್ದರೆ ಈ ಲಭ್ಯತೆಯಿಂದಲೇ ಜಗತ್ತಿನ ಕಲೆ ನಮ್ಮದಾಗಬೇಕಿತ್ತು. ಹಾಗಾಗಿಲ್ಲವೆಂಬುದು ನಮ್ಮ ತರಗತಿಗಳ ಅನುಭವ. ಕೃತಿ ಇದೆ, ನೋಡುವ ಕಣ್ಣೂ ಇದೆ. ನಡುವೆ ಕನ್ನಡದಲ್ಲಿ ನಡೆಯಬೇಕಾದ ಮಾತು ಕಡಿಮೆಯಾಗಿದೆ. ಅನುವಾದಿತ ಪಠ್ಯಗಳನ್ನೂ ಚಲನಚಿತ್ರ ಅಧ್ಯಯನವನ್ನೂ ಪಠ್ಯಕ್ರಮಕ್ಕೆ ಸೇರಿಸಿಕೊಂಡಿರುವ ಕನ್ನಡ ವಿಭಾಗಗಳು ಈ ಮಾತನ್ನು ಕಟ್ಟುವ ಹೊಣೆಯನ್ನು ಎಷ್ಟರ ಮಟ್ಟಿಗೆ ನಿರ್ವಹಿಸುತ್ತಿವೆ ಎಂಬುದು ಆತ್ಮಾವಲೋಕನಕ್ಕೆ ತಕ್ಕ ವಿಷಯ. ಹಾಡಿದ ಪದ್ಯಕ್ಕೆ ಸಭೆಯಲ್ಲಿ ಯಾರಾದರೂ ಅರ್ಥ ಹೇಳಲೇಬೇಕು ಎಂಬ ಮಲೆನಾಡಿನ ಜಗಲಿಯ ನಿಯಮವನ್ನು ಸುಬ್ಬಣ್ಣನವರು ಜಗತ್ತಿನ ಕಲೆಗೆ ಅನ್ವಯಿಸಿದರು. ಆ ನಿಯಮ ಇಂದಿನ ಕನ್ನಡ ಅಧ್ಯಯನಕ್ಕೂ ಸಲ್ಲುತ್ತದೆ.